ಜೀವಕೋಶದ ಆಕಸ್ಮಿಕಕ್ಕೂ ಲೆಕ್ಕ: ಬಿಎಸ್ಸಿಯಲ್ಲೇ ಕಲಿಸಬೇಕಾ?

ಪರ: ಉಡುಪಿಯ ಒಬ್ಬ ಅಧ್ಯಾಪಕಿ

ಶಂಕರಪುರದ ನಮ್ಮ ಅಂಗಳದಲ್ಲಿ ಎರಡು ಮಲ್ಲಿಗೆ ಗಿಡಗಳಿವೆ. ಒಂದೇ ಗಿಡದ ಗೆಲ್ಲು ನೆಟ್ಟು ಬೆಳೆಸಿದ್ದು, ನೀರು ಗೊಬ್ಬರ ಎಲ್ಲ ಒಂದೇ. ಆದರೂ ಬೆಳಿಗ್ಗೆ ಮೊಗ್ಗು ಕೊಯ್ದಾಗ ಲೆಕ್ಕ ಸಮ ಬರುವುದಿಲ್ಲ. ಮಳೆ ಜಾಸ್ತಿಯಾದರೆ ಎರಡರಲ್ಲೂ ಕಡಿಮೆ, ಕೆಲವು ದಿನ ಒಂದರಲ್ಲಿ ಮಾತ್ರ ಕಡಿಮೆ. ಜೀವಕೋಶದ ಒಳಗೂ ಹೀಗೇ ಆಕಸ್ಮಿಕ ಏರುಪೇರು ಇದೆ, ಅದರ ಲೆಕ್ಕವನ್ನು ಬಿಎಸ್ಸಿಯಲ್ಲೇ ಕಲಿಸಬೇಕು ಅನ್ನುತ್ತೇನೆ.

2002ರಲ್ಲಿ ವಿಜ್ಞಾನಿ ಮೈಕೆಲ್ ಎಲೊವಿಟ್ಜ್ ಮತ್ತು ಜೊತೆಗಾರರು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ನೋಡಿದ್ದು ಇಂಥದ್ದನ್ನೇ. ಒಂದೇ ಬಗೆಯ ಪ್ರೊಮೋಟರ್ (ಜೀನನ್ನು ಆನ್ ಮಾಡುವ ಡಿಎನ್‌ಎ ಭಾಗ) ಇರುವ ಎರಡು ಜೀನ್ ಇಟ್ಟರು. ಒಂದರ ಪ್ರೋಟೀನ್ ನೀಲಿ ಹೊಳೆಯುತ್ತದೆ, ಇನ್ನೊಂದರದ್ದು ಹಳದಿ. ಎರಡೂ ಒಟ್ಟಿಗೆ ಏರಿಳಿದರೆ ಕಾರಣ ಇಡೀ ಕೋಶದ್ದು. ಒಂದೊಂದು ಒಂದೊಂದು ಕಡೆ ಹೋದರೆ ಅದು ಜೀನಿನ ಒಳಗಿನ ಆಕಸ್ಮಿಕ.

ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ನಕಲಿಗೆ ಎಂಆರ್‌ಎನ್‌ಎ ಎನ್ನುತ್ತಾರೆ. ಒಂದು ಜೀನಿನ ಎಂಆರ್‌ಎನ್‌ಎ ಒಂದು ಕೋಶದಲ್ಲಿ ಬರೀ ನಾಲ್ಕೈದು ಇರಬಹುದು, ಅಷ್ಟು ಕಡಿಮೆ ಇರುವಲ್ಲಿ ಸರಾಸರಿ ಹೇಳಿ ಸುಮ್ಮನಾದರೆ ಏನು ಗೊತ್ತಾಯಿತು? ಅವು ಒಂದೊಂದಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದರೆ ಪ್ವಾಸಾನ್ ಎಂಬ ಲೆಕ್ಕ: ಸರಾಸರಿ 10 ಇದ್ದರೆ ವೇರಿಯನ್ಸ್ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎನ್ನುವ ಅಳತೆ) ಕೂಡ 10. ಗುಂಪು ಗುಂಪಾಗಿ ಹುಟ್ಟಿದರೆ ವೇರಿಯನ್ಸ್ ಅದಕ್ಕಿಂತ ಜಾಸ್ತಿ. ಅಂದರೆ ಅಂಕಿಯ ಹರಡುವಿಕೆ ನೋಡಿಯೇ ಜೀನ್ ಹೇಗೆ ಕೆಲಸ ಮಾಡುತ್ತದೆ ಎಂದು ಊಹಿಸಬಹುದು! ಈಗ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿರುವ ಮುಕುಂದ್ ತಟ್ಟೈ 2001ರಲ್ಲೇ ಈ ಲೆಕ್ಕದ ಮೇಲೆ ಕೆಲಸ ಮಾಡಿದ್ದರು. ನಮ್ಮ ಮಕ್ಕಳಿಗೆ ಇದು ದೂರದ ಮಾತೇನಲ್ಲ.

ಮದ್ದಿನ ವಿಷಯಕ್ಕೂ ಇದು ಬೇಕು. 1944ರಲ್ಲಿ ಬಿಗ್ಗರ್ ಎಂಬ ವಿಜ್ಞಾನಿ ಪೆನಿಸಿಲಿನ್ ಹಾಕಿದಾಗ ಹೆಚ್ಚಿನ ಬ್ಯಾಕ್ಟೀರಿಯಾ ಸತ್ತವು, ಕೆಲವೇ ಕೆಲವು ಉಳಿದವು. ಅವುಗಳ ಮರಿಗಳು ಮತ್ತೆ ಅದೇ ಪೆನಿಸಿಲಿನ್‌ಗೆ ಸತ್ತವು. ಜೀನ್ ಬದಲಾಗಿರಲಿಲ್ಲ, ಆ ಹೊತ್ತಿನ ಸ್ಥಿತಿ ಬೇರೆ ಇತ್ತು. ಸರಾಸರಿಯಲ್ಲಿ ಆ ಬೆರಳೆಣಿಕೆಯವು ಕಾಣುವುದೇ ಇಲ್ಲ.

ವಿರೋಧ: ಮಂಗಳೂರಿನ ಲ್ಯಾಬಿನಿಂದ

ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ, ಮೇಡಂ. ಆದರೆ ಮೊಗ್ಗು ಎಣಿಸಿದ್ದು ಯಾರು? ಎಲೆಯಡಿ ಎಷ್ಟು ಉಳಿದವು? ಒಂದೊಂದೇ ಕೋಶದ ಆರ್‌ಎನ್‌ಎ ಓದುವ ಯಂತ್ರಕ್ಕೂ ಇರುವುದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಹಾಗೆ ತಪ್ಪಿಹೋದದ್ದೂ ಅಂಕಿಯಲ್ಲಿ ಏರುಪೇರಾಗಿಯೇ ಕಾಣುತ್ತದೆ. ಮಕ್ಕಳು ಅದನ್ನೇ ಜೀನಿನ ಆಕಸ್ಮಿಕ ಅಂದುಕೊಂಡರೆ?

ಇನ್ನೊಂದು ಕಷ್ಟ ಇದೆ. ಜೀನ್ ಆನ್ ಆಗುತ್ತದೆ, ಆಫ್ ಆಗುತ್ತದೆ ಎನ್ನುವ ಮಾದರಿಯನ್ನೇ ತಗೊಳ್ಳಿ. ಒಂದು ಹೊತ್ತಿನ ಎಣಿಕೆ ಮಾತ್ರ ಕೈಯಲ್ಲಿದ್ದರೆ ಆನ್ ಆಫ್ ಆಗುವ ನಿಜವಾದ ವೇಗ ಸಿಗುವುದಿಲ್ಲ, ಎಂಆರ್‌ಎನ್‌ಎ ನಾಶವಾಗುವ ವೇಗಕ್ಕೆ ಹೋಲಿಸಿದ ಅನುಪಾತ ಅಷ್ಟೇ ಸಿಗುತ್ತದೆ. ನಿಧಾನ ಜೀನು, ಚುರುಕು ಜೀನು ಎರಡಕ್ಕೂ ಒಂದೇ ಚಿತ್ರ ಬರಬಹುದು. ಮಾದರಿಯ ಗೆರೆ ಅಂಕಿಗಳ ಮೇಲೆ ಚೆನ್ನಾಗಿ ಕೂತಿತು ಅಂತ ಖುಷಿಪಟ್ಟ ಹುಡುಗನಿಗೆ ಇದು ಹೊಳೆಯುವುದು ಕಷ್ಟ, ಅದರಲ್ಲೂ ಪಿಯುಸಿಯಲ್ಲೇ ಗಣಿತ ಬಿಟ್ಟು ಬಂದವನಿಗೆ.

ಆಕಸ್ಮಿಕ ಅಂದ ಕೂಡಲೇ ಹುಡುಕಾಟ ನಿಲ್ಲುತ್ತದೆ ಎನ್ನುವುದೇ ನನ್ನ ದೊಡ್ಡ ಹೆದರಿಕೆ. ಕೋಶದ ಗಾತ್ರ, ಅದು ಎರಡಾಗಿ ಒಡೆದು ಎಷ್ಟು ಹೊತ್ತಾಯಿತು, ಇವೆರಡನ್ನು ಅಳೆದರೇ ಎಷ್ಟೋ ಏರುಪೇರಿಗೆ ಕಾರಣ ಸಿಗಬಹುದು ಅಲ್ವಾ? ಮೂರು ವರ್ಷ ಮಕ್ಕಳು ಮೈಕ್ರೋಸ್ಕೋಪ್ ಮುಂದೆ ಕೂತು ಕೋಶ ಎಣಿಸಲಿ, ಒಂದೇ ತಟ್ಟೆಯನ್ನು ಇಬ್ಬರು ಎಣಿಸಿ ಎಷ್ಟು ಬೇರೆ ಬಂತು ಎಂದು ಬರೆದಿಡಲಿ. ಸಮೀಕರಣ ಎಂಎಸ್ಸಿಯಲ್ಲಿ ಬರಲಿ.