ಟೋಪಿನ ಹರಕೆ

ನಮ್ಮ ಮನೆಯ ಹಾಲಿನ ಟೋಪು ಈಗ ಬಾಲ್ಕನಿಯಲ್ಲಿದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಅದರೊಳಗೆ ವಾಸ. 22 ವರ್ಷ ಒಂದು ದಿನವೂ ರಜೆ ಹಾಕದೆ ಮುಂಬಯಿ ಪಕ್ಕದ ಡೊಂಬಿವಲಿಯ ಹಾಲು ಕಾಯಿಸಿದ ಪಾತ್ರೆ ಅದು. ಅದಕ್ಕೆ ಕಡ್ಡಾಯ ನಿವೃತ್ತಿ ಕೊಡಿಸಿದವನು ನಾನು.

ಶುರುವಾದದ್ದು ಬಾಂದ್ರಾದಲ್ಲಿ. ಸೆಪ್ಟೆಂಬರ್ 8 ಕಳೆದ ಮೇಲೆ ಬರುವ ಭಾನುವಾರದಿಂದ ಒಂದು ವಾರ ಅಲ್ಲಿ ಮೌಂಟ್ ಮೇರಿ ಚರ್ಚಿನ ಜಾತ್ರೆ. ಊರಿನ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದಿಲ್ಲವೇ, ಇಲ್ಲಿ ಅದೇ ಹರಕೆ ಮೇಣದಲ್ಲಿ. ಮಂಡಿ ನೋವಿಗೆ ಮೇಣದ ಕಾಲು, ಸ್ವಂತ ಮನೆ ಬೇಕೆಂದವರಿಗೆ ಮೇಣದ ಮನೆ, ಫಾರಿನ್ನಿಗೆ ಹಾರಬೇಕೆಂದವರಿಗೆ ವಿಮಾನ. ಇವುಗಳ ನಡುವೆ ಒಂದು ಅಂಗಡಿಯಲ್ಲಿ ಗಾಜಿನ ಲೋಟದೊಳಗೆ ತಿಳಿನೀರಿನಂಥ ಕ್ಯಾಂಡಲ್ ಕಂಡಿತು. ತಳದಲ್ಲಿ ಮರಳು, ಮರಳಲ್ಲಿ ಶಂಖ. ಬೆಲೆ 350 ರೂಪಾಯಿ.

"ಇದಕ್ಕೆ 350 ರೂಪಾಯಿಯೇ?" ಎಂದೆ, ಬ್ಯಾಂಕಿನಲ್ಲಿ ಸಾಲದ ಅರ್ಜಿ ವಾಪಸು ಕಳಿಸುತ್ತಿದ್ದ ದನಿಯಲ್ಲಿ. "ಮನೆಯಲ್ಲೇ ಮಾಡಬಹುದು."

"ಯಾರು?" ಎಂದಳು ಹೆಂಡತಿ.

ಆ ಒಂದೇ ಪದಕ್ಕೆ ಉತ್ತರ ಕೊಡಲು ಹೋಗಿ ಕ್ರಾಫರ್ಡ್ ಮಾರ್ಕೆಟ್ಟಿನ ಗಲ್ಲಿಯೊಂದರಲ್ಲಿ 2 ಕೆ.ಜಿ. ಜೆಲ್ ಕೊಂಡೆ. ಜೆಲ್ ವ್ಯಾಕ್ಸ್ ಅನ್ನುತ್ತಾರೆ, ಆದರೆ ಅದರಲ್ಲಿ ಮೇಣ ಇಲ್ಲ. ಹೆಚ್ಚುಕಡಿಮೆ ಪೂರ್ತಿ ಖನಿಜ ತೈಲ. ಅದನ್ನು ಹರಿಯದಂತೆ ಹಿಡಿದಿಡಲು ಒಂದಿಷ್ಟು ಪಾಲಿಮರ್. ಮಗುವಿನ ಮೈಗೆ ಹಚ್ಚುವ ಬೇಬಿ ಆಯಿಲ್ ಇದರದೇ ಬಳಗ, ಹೊಟ್ಟೆ ಕಟ್ಟಿದವರಿಗೆ ಮೆಡಿಕಲ್ ಶಾಪಿನವರು ಕೊಡುವ ಲಿಕ್ವಿಡ್ ಪ್ಯಾರಾಫಿನ್ ಕೂಡ. ಈ ಎರಡನೆಯ ನೆಂಟಸ್ತಿಕೆಯನ್ನು ಮನೆಯಲ್ಲಿ ಹೇಳಬಾರದಿತ್ತು.

ಹಿಂದಿರುಗುವಾಗ ಫಾಸ್ಟ್ ಲೋಕಲ್‌ನಲ್ಲಿ ಪೊಟ್ಟಣವನ್ನು ಮೇಲಿನ ಕಂಬಿಗಳ ಮೇಲಿಟ್ಟೆ. ದಾದರಿನಲ್ಲಿ ಹತ್ತಿದ ಒಬ್ಬ ಅದರ ಮೇಲೆ ತನ್ನ ಊಟದ ಡಬ್ಬಿಯ ಚೀಲ ಹೇರಿದ. ಠಾಣೆಯಲ್ಲಿ ಇಳಿಯುವಾಗ ಅವನು ಚೀಲ ಎತ್ತಿದರೆ ಜೆಲ್ಲಿನಲ್ಲಿ ಡಬ್ಬಿಯ ದುಂಡನೆಯ ಗುಳಿ. ನಾವೆಲ್ಲ ನೋಡುತ್ತಿದ್ದಂತೆ ಆ ಗುಳಿ, ಯಾರೋ ಒಳಗಿನಿಂದ ಬೆರಳು ಒತ್ತಿದ ಹಾಗೆ, ನಿಧಾನವಾಗಿ ಮೇಲೆದ್ದು ಮಟ್ಟಸವಾಯಿತು. ಎದುರಿನವನು ಕಾಲು ಮಡಚಿಕೊಂಡ. "ಕಾಕಾ, ಜೆಲ್ಲಿಫಿಶ್ ಆಹೆ ಕಾ?"

ದೀಪಾವಳಿಗೆ ಎಂಟು ದಿನ ಇರುವಾಗ, ಹೆಂಡತಿ ಕನ್ನಡ ಸಂಘದ ಭಜನೆಗೆ ಹೋದ ಮುಹೂರ್ತ ನೋಡಿ ಕೆಲಸಕ್ಕೆ ಇಳಿದೆ. ಎಚ್ಚರಿಕೆಯ ಮನುಷ್ಯ ನಾನು. ನೇರ ಉರಿ ಬೇಡವೆಂದು ದೊಡ್ಡ ಪಾತ್ರೆಯ ಕುದಿನೀರಿನಲ್ಲಿ ಹಾಲಿನ ಟೋಪು ಇಳಿಸಿ, ಅದರೊಳಗೆ ಜೆಲ್ ಹಾಕಿದೆ. ಮುಕ್ಕಾಲು ಗಂಟೆ ಕಳೆದರೂ ಅದು ಹಲಸಿನ ಅಂಟಿನಂತೆ ಸೌಟು ಹಿಡಿದುಕೊಂಡೇ ಇತ್ತು. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಒಳಗಿನ ಪಾತ್ರೆಗೆ ಅಷ್ಟೂ ದಕ್ಕುವುದಿಲ್ಲ. ಈ ಜೆಲ್ ಸಲೀಸಾಗಿ ಹರಿಯಬೇಕಾದರೆ ಹತ್ತಿರ ಹತ್ತಿರ ಅಷ್ಟೇ ಬಿಸಿ ಬೇಕು. ಮೇಣದ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಣ್ಣ ಉರಿಯಲ್ಲಿ ನೇರವಾಗಿಯೇ ಇಡಬೇಕು, ಥರ್ಮಾಮೀಟರ್ ಹಿಡಿದು ಕಾಯಬೇಕು.

ಟೋಪನ್ನು ನೇರ ಉರಿಗೇ ಇಟ್ಟೆ. ಥರ್ಮಾಮೀಟರ್ ಇತ್ತು, ಜ್ವರದ್ದು. ಡಿಜಿಟಲ್. ಅದ್ದಿದೆ. ಕುಂಯ್ ಎಂದಿತು, ಪರದೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ ಮೂಡಿಸಿತು, ಆಮೇಲೆ ಇಂದಿನವರೆಗೂ ಮಾತಾಡಿಲ್ಲ.

ಮುಂದಿನದು ಸುಗಂಧ. ಎಣ್ಣೆಯಲ್ಲಿ ಬೆರೆಯುವ ಪರಿಮಳವನ್ನಷ್ಟೇ ಹಾಕಬೇಕು, ಇಲ್ಲದಿದ್ದರೆ ಜೆಲ್ ಮಂಜು ಮಂಜಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ನೆನಪಿದ್ದದ್ದು 'ಪರಿಮಳ' ಮಾತ್ರ. ಕಪಾಟಿನಲ್ಲಿ ಮಗಳ ಮದುವೆಯ ಪನ್ನೀರಿನ ಬಾಟಲಿ ಇತ್ತು. ನಾಲ್ಕು ಹನಿ ಬಿಟ್ಟೆ.

ಪನ್ನೀರೆಂದರೆ ನೀರೇ ತಾನೆ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆಂದು ಒಗ್ಗರಣೆ ಹಾಕಿದ ಯಾರನ್ನಾದರೂ ಕೇಳಿ. ನಾನು ಹಾಕಿದವನಲ್ಲ. ಟೋಪು ಚಟಪಟ ಸಿಡಿಯಿತು. ಗೋಡೆ, ಮಿಕ್ಸಿ, ಕ್ಯಾಲೆಂಡರಿನ ಗಣಪತಿ, ನನ್ನ ಕನ್ನಡಕ, ಎಲ್ಲಕ್ಕೂ ಪ್ರೋಕ್ಷಣೆಯಾಯಿತು. ಮದುವೆಯ ದಿನ ಕೂಡ ನಮ್ಮ ಮನೆ ಅಷ್ಟು ಘಮಘಮಿಸಿರಲಿಲ್ಲ.

ಪುಣ್ಯಕ್ಕೆ ಜೆಲ್‌ಗೆ ಬೆಂಕಿ ಹತ್ತಲಿಲ್ಲ. ಉರಿ ಆರಿಸಿ, ಸಿಡಿತ ನಿಂತ ಮೇಲೆ ಆರು ಲೋಟಗಳಿಗೆ ಹೊಯ್ದೆ. ಪ್ರತಿಯೊಂದರ ತಳದಲ್ಲೂ ಮರವಂತೆಯ ಕಡಲತೀರದಿಂದ ತಂದ ಒಂದೊಂದು ಶಂಖ. ಪ್ಲಾಸ್ಟಿಕ್ ಮೀನು ಹಾಕು ಎಂದು ಪುಣೆಯ ಮೊಮ್ಮಗಳು ವಿಡಿಯೋ ಕಾಲಿನಲ್ಲಿ ಹಟ ಮಾಡಿದ್ದಳು. ಉರಿಯುವ ವಸ್ತು ಒಳಗೆ ಇರಬಾರದೆಂದು ಅಷ್ಟರಲ್ಲಿ ನನಗೂ ತಿಳಿದಿತ್ತು. ಅಂದಿನ ನನ್ನ ಸರಿಯಾದ ನಿರ್ಧಾರ ಅದೊಂದೇ.

ಏಕೆಂದರೆ ಶಂಖದ ಸುರುಳಿಯಲ್ಲಿ ಗಾಳಿ ಇರುತ್ತದೆ. ಮೊದಲೇ ಬಿಸಿ ಜೆಲ್ಲಿನಲ್ಲಿ ಅದ್ದಿ ಆ ಗಾಳಿ ಹೊರಡಿಸಬೇಕು, ಲೋಟವನ್ನೂ ಬೆಚ್ಚಗೆ ಮಾಡಿಟ್ಟುಕೊಳ್ಳಬೇಕು. ಎರಡನ್ನೂ ಮಾಡಿರಲಿಲ್ಲ. ಶಂಖಗಳು ಒಂದೊಂದಾಗಿ ಉಸಿರು ಬಿಡತೊಡಗಿದವು. ಸಾಸಿವೆ ಗಾತ್ರದ ಗುಳ್ಳೆ ಮೇಲೇರಿ, ಅರ್ಧ ದಾರಿಯಲ್ಲಿ ಜೆಲ್ ಗಟ್ಟಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಸಂಜೆ ಆಫೀಸ್ ಬಿಟ್ಟ ಜನ ಡೊಂಬಿವಲಿ ಸ್ಟೇಶನ್ನಿನ ಮೆಟ್ಟಿಲ ಮೇಲೆ ಸಿಕ್ಕಿಕೊಳ್ಳುವ ಹಾಗೆ. ನಾನು ಸೂಜಿ ಹಿಡಿದು ಅವನ್ನು ಚುಚ್ಚುತ್ತ ಕೂತೆ. ಒಂದು ಚುಚ್ಚಿದರೆ ಸೂಜಿಯ ಜೊತೆ ಹೋದ ಗಾಳಿಯಿಂದ ಮೂರು ಹುಟ್ಟುತ್ತಿದ್ದವು.

ಆ ಹೊತ್ತಿಗೆ ಬಾಗಿಲು ತೆರೆಯಿತು. ಹೆಂಡತಿ ಮೊದಲು ಮೂಗರಳಿಸಿದಳು, ಆಮೇಲೆ ಗಣಪತಿಯನ್ನು ನೋಡಿದಳು, ಕೊನೆಗೆ ಟೋಪನ್ನು.

"ಏನ್ರೀ, ಇದು ಹಾಲಿಂದಲ್ವಾ?"

"ತೊಳೆದರೆ ಹೋಗತ್ತೆ."

ಹೋಗಲಿಲ್ಲ. ಬಿಸಿ ಇದ್ದಾಗಲೇ ಹಳೇ ಪೇಪರಿನಲ್ಲಿ ಒರೆಸಿ ತೆಗೆಯಬೇಕಿತ್ತಂತೆ. ನಾನು ತಣ್ಣೀರು ಬಿಟ್ಟಿದ್ದೆ. ಮರುದಿನ ಪಾತ್ರೆ ತೊಳೆಯುವ ಹೆಂಗಸು ಟೋಪಿನೊಳಗೆ ಬೆರಳು ಆಡಿಸಿ, ಕೆಳಗಿಟ್ಟು, "ಕಾಕಾ, ಹೇ ಮೀ ಘಾಸಣಾರ್ ನಾಹಿ" ಎಂದು ಮುಂದಿನ ಮನೆಗೆ ನಡೆದಳು. ನಾನೇ ಉಜ್ಜಿದೆ. ಸಂಜೆಯ ಚಹಾದ ಮೇಲೆ, ಮಳೆಗಾಲದಲ್ಲಿ ರಿಕ್ಷಾ ಸ್ಟ್ಯಾಂಡಿನ ನೀರಿನ ಮೇಲೆ ಕಾಣುತ್ತದಲ್ಲ, ಅಂಥ ಕಾಮನಬಿಲ್ಲು. ಹೆಂಡತಿ ನಾಲ್ಕು ಲೋಟ ಚಹಾ ಚೆಲ್ಲಿದಳು. ಲಿಕ್ವಿಡ್ ಪ್ಯಾರಾಫಿನ್ನಿನ ಮಾತನ್ನು ಅವಳು ಮರೆತಿರಲಿಲ್ಲ.

ಇನ್ನು ಕ್ಯಾಂಡಲ್ಲುಗಳು. ಬತ್ತಿಯ ಜಾಗದಲ್ಲಿ ದೇವರ ಮನೆಯ ಹತ್ತಿಯ ಬತ್ತಿ ನಿಲ್ಲಿಸಿದ್ದೆ. ಐದು ಲೋಟಗಳಲ್ಲಿ ಅದು ಸೊಂಟ ಮುರಿದುಕೊಂಡು ಮಲಗಿತು. ಆರನೆಯದು ನರಕ ಚತುರ್ದಶಿಯ ಸಂಜೆ ಹತ್ತು ನಿಮಿಷ ಉರಿಯಿತು. ಎದುರುಮನೆಯ ವೈನಿ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಥೇಟ್ ಸಮುದ್ರ, ಈ ಗುಳ್ಳೆಗಳನ್ನು ಹೇಗೆ ಒಳಗೆ ಹಾಕಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ನಾನು ವಿನಯದಿಂದ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಚಕ್ಕುಲಿಯ ತಟ್ಟೆ ಅಡ್ಡ ಹಿಡಿದಳು.

ಈ ಸೆಪ್ಟೆಂಬರಿನಲ್ಲಿ ಮತ್ತೆ ಮೌಂಟ್ ಮೇರಿಗೆ ಹೋದೆವು. ಹೆಂಡತಿ ಅಂಗಡಿಯಿಂದ ಅಂಗಡಿಗೆ ಏನೋ ಹುಡುಕುತ್ತಿದ್ದಳು. ಕೊನೆಗೆ ಒಬ್ಬಳನ್ನು ಕೇಳಿಯೇ ಬಿಟ್ಟಳು: ಮೇಣದ ಟೋಪು ಸಿಗುತ್ತದಾ?

"ಟೋಪ್ ನಹೀ ಹೈ, ಆಂಟಿ. ಹಾಥ್ ಹೈ, ಪೈರ್ ಹೈ, ಘರ್ ಹೈ, ಸರ್ ಹೈ."

ಹೆಂಡತಿ ನನ್ನತ್ತ ಒಮ್ಮೆ ನೋಡಿದಳು. ಚೌಕಾಸಿ ಕೂಡ ಮಾಡದೆ ಒಂದು ತಲೆ ಕೊಂಡಳು.