ಕೈಗಾಡಿ ಎಳೆಯುವ ಮೊದಲು

ಪಕ್ಕದ ಮನೆ ಹುಡುಗಿ ಮೊನ್ನೆ ಟ್ರೆಕ್ ಮುಗಿಸಿ ಬಂದಳು. ಕೈಗಾಡಿ ಎಳೆದುಕೊಂಡು ವಲಸೆ ಬಂದ ಹಿರಿಯರನ್ನು ನೆನೆಯಲು ಇಲ್ಲಿನ ಚರ್ಚಿನವರು ಮಕ್ಕಳಿಂದ ಮಾಡಿಸುವ ನಡಿಗೆ ಅದು. ಹದಿನೈದು ವರ್ಷ. ಎರಡೂ ಅಂಗೈಯಲ್ಲಿ ಬೊಬ್ಬೆ. ಉದ್ದ ಲಂಗ ಉಟ್ಟು, ತಲೆಗೆ ಹಳೇ ಕಾಲದ ಬಾನೆಟ್ ಟೋಪಿ ಕಟ್ಟಿಕೊಂಡು, ಮೂರು ದಿನ ವಯೋಮಿಂಗ್ ಬಿಸಿಲಲ್ಲಿ ಮರದ ಕೈಗಾಡಿ ಎಳೆದಿದ್ದಾಳೆ. ಒಂದು ದಿಬ್ಬದಲ್ಲಿ ಹುಡುಗರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ ಹುಡುಗಿಯರೇ ಗಾಡಿ ಹತ್ತಿಸಬೇಕಂತೆ. "ಅಲ್ಲಿ ಎಲ್ಲರೂ ಅತ್ತುಬಿಟ್ವಿ" ಅಂದಳು.

ನಾವಿರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಕ್ಕಪಕ್ಕದವರು ಜಾಸ್ತಿ ಮಾರ್ಮನ್ನರು, ಒಂದು ಕ್ರೈಸ್ತ ಪಂಥದವರು. 1847ರ ಜುಲೈ 24ರಂದು ಅವರ ನಾಯಕ ಬ್ರಿಗಮ್ ಯಂಗ್ ಈ ಕಣಿವೆಗೆ ಬಂದರು. ಇಲ್ಲಿ ಅದೇ ದೊಡ್ಡ ಹಬ್ಬ. ಮೆರವಣಿಗೆಗೆ ನಾನೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹಿರಿಯರ ಕಷ್ಟ ನೆನೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ.

ಆದರೆ ಆ ಕಷ್ಟ ಯಾಕೆ ಬಂತು?

1856ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಡೆನ್ಮಾರ್ಕ್‌ಗಳಿಂದ ಬಂದು ಈ ಕಣಿವೆಗೆ ಹೊರಟ ಬಡ ಮಾರ್ಮನ್ನರಿಗೆ ಚರ್ಚಿನವರು ಎತ್ತಿನ ಗಾಡಿ ಬದಲು ಕೈಗಾಡಿ ಕೊಟ್ಟರು. ಖರ್ಚು ಕಡಿಮೆ ಅಂತ. ಗಾಡಿಗೆ ಬಳಸಿದ್ದು ಹಸಿ ಮರ. ದಾರಿಯಲ್ಲಿ ಒಣಗಿ ಸೀಳು ಬಿಟ್ಟಿತು. ವಿಲ್ಲೀ ಮತ್ತು ಮಾರ್ಟಿನ್ ಅನ್ನುವವರ ಎರಡು ತಂಡ ಹೊರಟಿದ್ದೇ ತಡವಾಗಿ. ಆಗಸ್ಟ್‌ನಲ್ಲಿ ನೆಬ್ರಾಸ್ಕಾದ ಫ್ಲಾರೆನ್ಸ್‌ನಲ್ಲಿ ವಿಲ್ಲೀ ತಂಡದ ಸಭೆ ಸೇರಿತು. ಲೆವಿ ಸ್ಯಾವೇಜ್ ಎದ್ದು ನಿಂತರು. ಬರ್ಮಾದವರೆಗೂ ಹೋಗಿ ಧರ್ಮಪ್ರಚಾರ ಮಾಡಿ ಬಂದಿದ್ದ ಮನುಷ್ಯ, ನಂಬಿಕೆ ಇಲ್ಲದವರಲ್ಲ. ಮುದುಕರು, ಹೆಂಗಸರು, ಮಕ್ಕಳನ್ನು ಕಟ್ಟಿಕೊಂಡು ಈಗ ಹೋಗುವುದು ಬೇಡ, ಹಿಮ ಬೀಳುತ್ತೆ ಅಂದರು. ಮುಖಂಡರು ಒಪ್ಪಲಿಲ್ಲ. ಜನ ಹೋಗೋಣ ಅಂತಲೇ ತೀರ್ಮಾನಿಸಿದರು. ಅಕ್ಟೋಬರ್‌ನಲ್ಲಿ ಹಿಮ ಸುರಿಯಿತು. ಎರಡೂ ತಂಡ ಸೇರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಸ್ಯಾವೇಜ್ ಕಥೆಯನ್ನು ಇಲ್ಲಿ ಮುಚ್ಚಿಟ್ಟಿಲ್ಲ. ಹೇಳುತ್ತಾರೆ. ಆದರೆ ನಾನು ಕೇಳಿದಾಗೆಲ್ಲ ಒತ್ತು ಬಿದ್ದಿದ್ದು ಆಮೇಲಿನ ಮಾತಿನ ಮೇಲೆ: ಹೋಗಲೇಬೇಕು ಅಂದರೆ ನಾನೂ ನಿಮ್ಮ ಜೊತೆ ಬರುತ್ತೇನೆ, ಬೇಕಾದರೆ ನಿಮ್ಮ ಜೊತೆಗೇ ಸಾಯುತ್ತೇನೆ ಅಂದಿದ್ದು. ದೊಡ್ಡ ಮಾತು, ನಿಜ. ಆದರೆ "ಬೇಡ" ಅಂದಿದ್ದೂ ಅಷ್ಟೇ ದೊಡ್ಡದು ಅಲ್ವಾ? ಆ ಮಾತು ಕೇಳಿದ್ದರೆ ಎಷ್ಟೋ ಮಕ್ಕಳು ಬದುಕುತ್ತಿದ್ದರು.

ಆ ಹುಡುಗಿಗೆ ಈಗ ಗಾಡಿಯ ಭಾರ ಗೊತ್ತು. ಸತ್ತ ಒಬ್ಬರ ಹೆಸರಿನ ಚೀಟಿಯನ್ನು ಮೂರು ದಿನ ಜೇಬಲ್ಲಿ ಇಟ್ಟುಕೊಂಡಿದ್ದಳು, ಈಗಲೂ ಜೋಪಾನವಾಗಿ ಇಟ್ಟಿದ್ದಾಳೆ. ಆದರೆ ಆ ಸಭೆಯಲ್ಲಿ ಅವಳನ್ನು ಯಾರೂ ಕೂರಿಸಲಿಲ್ಲ. ಸಹಿಸುವುದನ್ನು ಕಲಿಸಿದರು. ಹೊರಡಬೇಕೋ ಬೇಡವೋ ಅಂತ ಕೇಳುವುದನ್ನು ಕಲಿಸಲಿಲ್ಲ.

ನನ್ನ ಕೈಯಲ್ಲಿದ್ದರೆ ಮೊದಲ ದಿನ ಗಾಡಿ ಮುಟ್ಟಿಸುತ್ತಿರಲಿಲ್ಲ. ಸಂಜೆ ಮಕ್ಕಳನ್ನೆಲ್ಲ ಹುಲ್ಲಿನ ಮೇಲೆ ಕೂರಿಸುತ್ತಿದ್ದೆ. ಅವರಲ್ಲೇ ಒಬ್ಬರು ಎದ್ದು ಸ್ಯಾವೇಜ್ ಮಾತು ಹೇಳಲಿ. ಆಮೇಲೆ ಹೋಗೋಣ ಅನ್ನುವವರು ಕೈ ಎತ್ತಲಿ. ಎತ್ತದೆ ಕೂತ ಮಕ್ಕಳ ಹತ್ತಿರ ಹೋಗಿ, ಯಾಕಮ್ಮ, ಯಾಕಪ್ಪ ಅಂತ ಕೇಳುತ್ತಿದ್ದೆ.