ಸೈಟು ಮಾರಿ ಪ್ರೋಟಾನ್

ನಿನ್ನೆ ನಾಮಕರಣದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯ ಬಾವ ಹೇಳಿದರು: "ಅಣ್ಣನಿಗೆ ಪ್ರೋಟಾನ್ ಕೊಡಿಸಬೇಕು, ಸೈಟು ಮಾರುತ್ತಿದ್ದೇವೆ." ಪ್ರೋಟಾನ್ ಎಂದರೆ ಕ್ಯಾನ್ಸರಿಗೆ ಕೊಡುವ ಒಂದು ದುಬಾರಿ ವಿಕಿರಣ ಚಿಕಿತ್ಸೆ. ಅಣ್ಣನಿಗೆ 72. ಪ್ರಾಸ್ಟೇಟ್ ಕ್ಯಾನ್ಸರ್, ಎಲ್ಲಿಗೂ ಹರಡಿಲ್ಲ. ನನ್ನ ಹೋಳಿಗೆ ಎಲೆಯಲ್ಲೇ ಉಳಿಯಿತು.

"ಪ್ರೋಟಾನಿನದು, ಫೋಟಾನಿನದು ಅಂದರೆ ಮಾಮೂಲಿ ಎಕ್ಸ್-ರೇ ವಿಕಿರಣದ್ದು, ಎರಡೂ ಪ್ಲಾನ್ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿದರೇ?" ಎಂದೆ. ಇಲ್ಲ, ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ನೋಡಿದ್ದಾರೆ. ಪ್ರೋಟಾನ್ ಗಡ್ಡೆಯಲ್ಲೇ ನಿಲ್ಲುತ್ತದಂತೆ, ಫೋಟಾನ್ ಆಚೆ ತೂರಿ ಹೋಗುತ್ತದಂತೆ.

ಅದು ಸುಳ್ಳಲ್ಲ, ಸಿಟ್ಟು ಬರುವುದೇ ಅದಕ್ಕೆ. ಪ್ರೋಟಾನ್ ದಾರಿಯುದ್ದಕ್ಕೂ ಜಿಪುಣನಂತೆ ನಡೆದು ಕೊನೆಯ ಕ್ಷಣದಲ್ಲಿ ಗಂಟೆಲ್ಲ ಬಿಚ್ಚಿ ಸುರಿಯುತ್ತದೆ. ಚಿಕಿತ್ಸೆಗೆ ಇದನ್ನು ಬಳಸಬಹುದೆಂದು ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದಿದ್ದರು. ಇಷ್ಟು ವರ್ಷ ವಿಕಿರಣ ಚಿಕಿತ್ಸೆಯ ಪ್ಲಾನಿಂಗ್ ಪರದೆಯ ಮುಂದೆ ಕೂತ ನನಗೂ ಹೀಗೆ ಕೊನೆಯಲ್ಲಿ ತಟ್ಟನೆ ಏರಿ ಬೀಳುವ ಆ ಗೆರೆ ಕಂಡರೆ ಈಗಲೂ ರೋಮಾಂಚನವೇ. ಆದರೆ ಮೇಜಿನ ಮೇಲೆ ಮಲಗುವವರ ಮೂತ್ರಕೋಶ ಇಂದು ತುಂಬಿರುತ್ತದೆ, ನಾಳೆ ಅರ್ಧವಿರುತ್ತದೆ. ಕರುಳಲ್ಲಿ ಗಾಳಿ ಓಡಾಡುತ್ತದೆ. ನಿಲ್ಲಬೇಕಾದ ಜಾಗದ ಲೆಕ್ಕ ಮಿಲಿಮೀಟರುಗಳಲ್ಲಿ ಜಾರುತ್ತದೆ. ವಿಡಿಯೊದಲ್ಲಿ ಗಾಳಿ ಇರುವುದಿಲ್ಲ!

ಅಮೆರಿಕದಲ್ಲಿ ಇಂಥದೇ ಪ್ರಾಸ್ಟೇಟ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರೋಟಾನ್, ಇನ್ನೊಂದಕ್ಕೆ ಫೋಟಾನ್ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂತು: ಕರುಳಿನ ತೊಂದರೆಯಲ್ಲೂ ರೋಗದ ಹತೋಟಿಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಗಂಟಲಿನ ಕ್ಯಾನ್ಸರಿನವರಿಗೆ ಎರಡೂ ಪ್ಲಾನ್ ಮಾಡುತ್ತಾರೆ. ಬಾಯಿ ಒಣಗುವುದು, ನುಂಗಲಾಗದಿರುವುದು ಎಷ್ಟು ತಪ್ಪೀತು ಎಂದು ಲೆಕ್ಕ ಹಾಕಿ, ಅಂತರ ಸಾಕಷ್ಟಿದ್ದರೆ ಮಾತ್ರ ಪ್ರೋಟಾನ್. ನಮ್ಮಲ್ಲಿ ಸೈಟಿನ ಬೆಲೆ ನೋಡಿ ನಿರ್ಧಾರ.

"ಮಕ್ಕಳಿಗೆ ಒಳ್ಳೆಯದಂತಲ್ಲ" ಎನ್ನುವವರಿದ್ದೀರಿ, ಗೊತ್ತು. ಹೌದು ಸ್ವಾಮಿ. ಮೆದುಳಿನ ಗಡ್ಡೆಗಾಗಿ ಬೆನ್ನುಹುರಿಯುದ್ದಕ್ಕೂ ವಿಕಿರಣ ಬೇಕಾದ ಆರು ವರ್ಷದ ಮಗುವಾದರೆ, ಚೆನ್ನೈಗೋ ನವಿ ಮುಂಬೈಗೋ ಟಿಕೆಟ್ ನಾನೇ ತೆಗೆಸಿಕೊಡುತ್ತೇನೆ. ಬೆನ್ನಿನಿಂದ ಹೊಕ್ಕ ಫೋಟಾನ್ ಹೃದಯ, ಕರುಳು ದಾಟಿ ಹೊರಬೀಳುತ್ತದೆ. ಆ ಮಗು ಇನ್ನೂ ಬೆಳೆಯಬೇಕು. ಬಾವನ ಅಣ್ಣ ಬೆಳೆದು ಆಗಿದೆ. "ದುಡ್ಡು ಅವರದು, ನಿನಗೇನು?" ಎಂದೂ ಕೇಳುತ್ತೀರಿ. ಆ ಸೈಟು ಸೊಸೆಯ ಒಡವೆ ಅಡವಿಟ್ಟು ಕೊಂಡದ್ದು. ಸಾಕೇ?

ಒಂದು ಮಾತು ಒಪ್ಪಿಕೊಳ್ಳಬೇಕು. ಅಮ್ಮನಿಗೆ ಎಡ ಸ್ತನದ ಕ್ಯಾನ್ಸರ್ ಬಂದಾಗ ರಾತ್ರಿ ಎರಡು ಗಂಟೆಗೆ ಎದ್ದು ಪ್ರೋಟಾನ್ ದರ ಹುಡುಕಿದವನು ನಾನೇ. ಅಷ್ಟೆಲ್ಲ ಓದಿದ ನಾನೇ! ಕೊನೆಗೆ ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬಳು ಅಮ್ಮನಿಗೆ ಉಸಿರು ಹಿಡಿಯುವುದನ್ನು ಕಲಿಸಿದಳು. ಎದೆ ತುಂಬ ಉಸಿರೆಳೆದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ; ಆ ಇಪ್ಪತ್ತು ಸೆಕೆಂಡಿನಲ್ಲಿ ಮಾಮೂಲಿ ಫೋಟಾನ್. ಎರಡು ಪ್ಲಾನ್ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಾನು ಬಾಯಿ ಮುಚ್ಚಿದೆ. ಅಮ್ಮ ಅಡುಗೆಮನೆಯ ಗಡಿಯಾರದ ಕೆಳಗೆ ನಿಂತು ಅಭ್ಯಾಸ ಮಾಡುತ್ತಿದ್ದಳು. ಹದಿನೆಂಟಕ್ಕೆ ಸರಿಯಾಗಿ ಕುಕ್ಕರ್ ಕೂಗಿದರೆ ನಗು ಬಂದು ಉಸಿರು ಬಿಟ್ಟು, "ಮತ್ತೆ ಒಂದರಿಂದ" ಎನ್ನುತ್ತಿದ್ದಳು.

ಬಾವನಿಗೆ ಭಾನುವಾರ ಫೈಲು ತೆಗೆದುಕೊಂಡು ಬನ್ನಿ ಎಂದಿದ್ದೇನೆ. ಅಲ್ಲಿಯವರೆಗೆ ಸೈಟಿಗೆ ಮುಂಗಡ ಮುಟ್ಟಬೇಡಿ ಎಂದೂ.